ಮೂರು ಸುತ್ತಿನ ನಟ್ಟು

ಗಾಡಿಯ ಟರ್ಬೊ, ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಗಾಳಿ ತುಂಬಬಾರದು ಎಂದು ನಮ್ಮ ಪಂದ್ಯದ ನಿಯಮದಲ್ಲಿ ಬರೆದಿತ್ತು. ಕಡಿಮೆ ತುಂಬಬಾರದು ಎಂದು ಎಲ್ಲೂ ಬರೆದಿರಲಿಲ್ಲ. ಬರೆಯುವವರಾದರೂ ಯಾಕೆ ಬರೆದಾರು? ತಾನು ಕಟ್ಟಿದ ಗಾಡಿಯ ಕಾಲನ್ನು ತಾನೇ ಮುರಿಯುವ ಮೆಕ್ಯಾನಿಕ್ ಒಬ್ಬ ಇದ್ದಾನು ಎಂದು ಯಾರ ತಲೆಗೂ ಹೊಳೆದಿರಲಿಕ್ಕಿಲ್ಲ. ಇದ್ದೆನಲ್ಲ, ಸಿಂಧನೂರಿನಲ್ಲಿ ಶೆಡ್ ಇಟ್ಟುಕೊಂಡು ಕೂತಿದ್ದೆ. ಮುರಿದದ್ದು ನನ್ನ ಒಡಹುಟ್ಟಿದ ತಮ್ಮನ ಗಾಡಿಯ ಕಾಲನ್ನು.

ಟರ್ಬೊ ನನ್ನ ಹೊಟ್ಟೆಪಾಡು. ಸುಗ್ಗಿ ಬಂತೆಂದರೆ ಜವಳಗೇರಾ, ಮುಕ್ಕುಂದದ ಗದ್ದೆಗಳಲ್ಲಿ ಭತ್ತ ಕೊಯ್ಯುವ ಯಂತ್ರಗಳು ಧೂಳು ನುಂಗಿ ನುಂಗಿ ಕೆಮ್ಮತೊಡಗುತ್ತವೆ, ಆಗ ಎಲ್ಲರಿಗೂ ನನ್ನ ನೆನಪಾಗುತ್ತದೆ. ಬಸವನಹುಳದ ಆಕಾರದ ಸಾಮಾನು ಅದು. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯ ರಭಸಕ್ಕೆ ತಾನು ತಿರುಗಿ, ಎಂಜಿನ್ನಿಗೇ ಮತ್ತೆ ಗಾಳಿ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಗಾಡಿಗೆ ದಮ್ಮು. ಅತಿಯಾಗಬಾರದೆಂದು ಅದರ ಪಕ್ಕದಲ್ಲಿ ಒಂದು ಪುಟ್ಟ ಬಾಗಿಲು ಇರುತ್ತದೆ, ಆ ಬಾಗಿಲನ್ನು ಎಳೆಯಲು ಬೆರಳುದ್ದದ ಸರಳು, ಸರಳಿನ ತುದಿಗೆ ಒಂದು ನಟ್ಟು. ನಟ್ಟು ಸಡಿಲಿಸಿ ಸರಳನ್ನು ಉದ್ದ ಮಾಡಿದರೆ ಬಾಗಿಲು ಬೇಗ ತೆರೆಯುತ್ತದೆ, ಹೊಗೆ ಪಕ್ಕದಿಂದ ಜಾರಿಹೋಗುತ್ತದೆ, ಗಾಡಿ ಮೆತ್ತಗಾಗುತ್ತದೆ. ಇಷ್ಟು ತಿಳಿದರೆ ಸಾಕು, ನನ್ನ ಪಾಪ ತಿಳಿಯುತ್ತದೆ.

ನಮ್ಮ ಕಡೆ ಕಾರಿನ ಪಂದ್ಯ ಎಂದರೆ ಟೀವಿಯಲ್ಲಿ ತೋರಿಸುವ ಹಾಗೆ ಒಬ್ಬರ ಮೇಲೊಬ್ಬರು ಬೀಳುವುದಲ್ಲ. ಗೊಬ್ಬರದ ಚೀಲಗಳಿಗೆ ಉಸುಕು ತುಂಬಿ ಬಯಲಲ್ಲಿ ಅಲ್ಲಲ್ಲಿ ಇಡುತ್ತಾರೆ. ಒಂದೊಂದೇ ಗಾಡಿ ಬಿಡುತ್ತಾರೆ. ಚೀಲಗಳ ನಡುವೆ ಹಾವಿನಂತೆ ಸುತ್ತಿ ಬರಬೇಕು, ಚೀಲಕ್ಕೆ ತಾಗಿದರೆ ಎರಡು ಸೆಕೆಂಡು ದಂಡ. ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಭತ್ತ ಒಣಗಿಸುವ ಅಂಗಳ, ಮಸ್ಕಿಯಲ್ಲಿ ಮುಚ್ಚಿಹೋದ ಹತ್ತಿ ಜಿನ್ನಿನ ಬಯಲು, ಲಿಂಗಸುಗೂರಿನಲ್ಲಿ ಪ್ಲಾಟು ಹಾಕಿ ಮಾರಾಟವಾಗದೆ ಉಳಿದ ಲೇಔಟು. ಬರುವವರು ಗ್ಯಾರೇಜಿನವರು, ಅಂಗಡಿಯವರು, ಒಬ್ಬಿಬ್ಬರು ಮಾಸ್ತರರು. ಗೆದ್ದವನಿಗೆ ಒಂದು ಕಪ್ಪು, ಒಂದು ಶಾಲು, ಒಂದು ವಾರ ಊರಲ್ಲಿ ಎದೆ ಉಬ್ಬಿಸಿ ತಿರುಗುವ ಹಕ್ಕು.

ನಮ್ಮದು ಬೀದಿ ಟರ್ಬೊ ಕ್ಲಾಸು. ವಾರವೆಲ್ಲ ಬೀದಿಯಲ್ಲಿ ಓಡಿದ ಗಾಡಿಯೇ ಭಾನುವಾರ ಪಂದ್ಯಕ್ಕೆ ಬರಬೇಕು. ಟೈರು, ಬ್ರೇಕು, ಶಾಕ್ ಅಬ್ಸಾರ್ಬರ್, ಹಿಂದಿನ ಸೈಲೆನ್ಸರು ಬದಲಿಸಬಹುದು. ಕೊರೆಯುವಂತಿಲ್ಲ, ಬೆಸುಗೆ ಹಾಕುವಂತಿಲ್ಲ, ಸೀಟು ಕೀಳುವಂತಿಲ್ಲ, ಟರ್ಬೊದ ಗಾಳಿ ಹೆಚ್ಚಿಸುವಂತಿಲ್ಲ. ಈ ನಿಯಮಗಳು ಇಂಗ್ಲಿಷಿನಲ್ಲಿ ಫೋನಿಗೆ ಬರುತ್ತಿದ್ದವು. ನಾನು ಡಿಪ್ಲೊಮಾದ ಎರಡು ವರ್ಷ ಮುಗಿಸಿ ಬಿಟ್ಟವನು, ಓದಿ ಹೇಳುತ್ತಿದ್ದೆ. ತಮ್ಮ ಕೇಳುತ್ತಿದ್ದ. ಅವನ ಪಾಲಿಗೆ ನಾನು ಹೇಳಿದ್ದೇ ನಿಯಮ.

ಅವನು ನನಗಿಂತ ಎಂಟು ವರ್ಷ ಚಿಕ್ಕವನು. ಮಸ್ಕಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಅವನ ಡೀಸೆಲ್ ಕಾರಿನ ಹಿಂದಿನ ಸೀಟಿನ ತುಂಬ ವಾರವೆಲ್ಲ ಹತ್ತಿಗೆ ಹೊಡೆಯುವ ಔಷಧದ ಡಬ್ಬಿಗಳು. ಶನಿವಾರ ಸಂಜೆ ಅವನ್ನೆಲ್ಲ ಇಳಿಸಿ, ಗಾಡಿ ತೊಳೆದು, ಸಿಂಧನೂರಿಗೆ ತರುತ್ತಿದ್ದ. ಎಷ್ಟು ತೊಳೆದರೂ ಆ ವಾಸನೆ ಹೋಗುತ್ತಿರಲಿಲ್ಲ. ನಾನು ಬಾನೆಟ್ ಎತ್ತುತ್ತಿದ್ದೆ, ಅವನು ಪಕ್ಕದಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿದುಕೊಂಡು ನಿಲ್ಲುತ್ತಿದ್ದ. ನಮ್ಮಿಬ್ಬರ ಬದುಕಿನಲ್ಲಿ ಅದಕ್ಕಿಂತ ಚಂದದ ಸಂಜೆಗಳು ಬಂದಿಲ್ಲ. ಇನ್ನು ಬರುವುದೂ ಇಲ್ಲ ಬಿಡಿ.

ಮತ್ತೆ ಅವನ ಕೈ! ಗಾಡಿ ಓಡಿಸುವ ಕೈ ಎಂದರೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ಅವನನ್ನು ತೋರಿಸುತ್ತಿದ್ದೆ. ಸ್ಟೇರಿಂಗ್ ಹಿಡಿದರೆ ರೊಟ್ಟಿ ತಟ್ಟುವವರ ಕೈಯಷ್ಟು ಹಗುರ. ಮೊದಲ ವರ್ಷ ಮಸ್ಕಿಯ ಪಂದ್ಯದಲ್ಲಿ, ಹಳೇ ಟೈರಿನಲ್ಲಿ, ಒಂದೂ ಚೀಲ ಮುಟ್ಟದೆ ಮೂರನೆಯವನಾಗಿ ಬಂದ. ಅವತ್ತು ಗಾಡಿಯಿಂದ ಇಳಿದು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. 'ಲೇ ಬಿಡಲೇ, ಮಂದಿ ನೋಡಾಕತ್ತಾರ' ಎಂದು ಬೈದೆ. 'ನೋಡ್ಲಿ ಬಿಡು ಅಣ್ಣಾ, ಮುಂದಿನ ವರ್ಷ ಮೊದಲನೇದ್ದು ನಂದ' ಎಂದ. ನನಗೂ ಅನುಮಾನವಿರಲಿಲ್ಲ. ಹೊಸ ಟೈರು ಹಾಕಿ ಬ್ರೇಕು ಸರಿ ಮಾಡಿದರೆ ಇವನನ್ನು ಹಿಡಿಯುವವರು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ.

ಆ ಓಟವನ್ನು ಯಾರೋ ಫೋನಿನಲ್ಲಿ ಹಿಡಿದರು. ಆ ವಿಡಿಯೊವನ್ನು ಇನ್ಯಾರೋ ಪುಣ್ಯಾತ್ಮರು ಅವ್ವನಿಗೆ ತೋರಿಸಿದರು.

ನಮ್ಮಪ್ಪ ಲಾರಿ ಓಡಿಸುತ್ತಿದ್ದ. ತಮ್ಮ ಇನ್ನೂ ತೊಡೆಯ ಮೇಲಿನ ಕೂಸಾಗಿದ್ದಾಗ ಒಂದು ತಿರುವಿನಲ್ಲಿ ಲಾರಿ ಮಗುಚಿ ಹೋಗಿಬಿಟ್ಟ. ಅಂದಿನಿಂದ ಅವ್ವ ಯಾರು ಬಾಗಿಲು ದಾಟಿದರೂ 'ಸಾವಕಾಶ ಓಡ್ಸು' ಎಂದೇ ಕಳಿಸುತ್ತಿದ್ದಳು, ಸೈಕಲ್ ಹತ್ತಿದವರಿಗೂ. ಅಂಥವಳಿಗೆ, ಗಾಡಿ ಒಂದು ಕಡೆ ವಾಲಿ ಧೂಳೆಬ್ಬಿಸುವುದನ್ನು ತೋರಿಸಿದರೆ?

ಮರುದಿನ ಬೆಳಿಗ್ಗೆ ನನ್ನನ್ನು ಕರೆದಳು. ಪೂಜೆ ಮುಗಿಸಿ ಚಾಪೆಯ ಮೇಲೆ ಕೂತಿದ್ದಳು, ಮುಂದೆ ವಿಭೂತಿ ಗಟ್ಟಿ.

'ಆ ಗಾಡಿ ನೀನ ತಯಾರ ಮಾಡಾಕತ್ತೀಯಂತಲ್ಲ, ಖರೇ ಏನು?'

'ಹೂಂ ಬೇ. ಅದು ನೀ ತಿಳಕೊಂಡಂಗಲ್ಲ. ಒಂದ ಗಾಡಿ ಬಿಡ್ತಾರ, ಮುಂದ ಯಾರೂ ಇರಂಗಿಲ್ಲ, ಹಿಂದ ಯಾರೂ ಇರಂಗಿಲ್ಲ. ರಸ್ತಾದಾಗಿಂತ ಅಲ್ಲೇ ಛಲೋ.'

'ನಿಮ್ಮಪ್ಪನ ಮುಂದೂ ಯಾರೂ ಇರಲಿಲ್ಲ' ಎಂದಳು.

ಪಂದ್ಯ ಬಿಡಿಸು ಎಂದು ಅವಳು ಕೇಳಲಿಲ್ಲ. ಅದು ಅವನ ಜೀವ ಎಂದು ಅವಳಿಗೆ ಗೊತ್ತಿತ್ತು. 'ಬ್ಯಾಡ ಅಂದ್ರ ಮುಖ ಸಣ್ಣದು ಮಾಡ್ತಾನ. ನಂಗ ಅದನ್ನ ನೋಡಾಕ ಆಗಂಗಿಲ್ಲ. ಓಡಿಸ್ಲಿ. ಖರೆ ಗಾಡಿ ಜೋರ ಹೋಗದಂಗ ಮಾಡು. ಅಂವಗ ಗೊತ್ತಾಗಬಾರದು. ಈಬತ್ತಿ ಮುಟ್ಟಿ ಹೇಳು ಯಪ್ಪಾ' ಎಂದು ಗಟ್ಟಿಯನ್ನು ನನ್ನ ಕಡೆ ಸರಿಸಿದಳು. ನಾನು ಮುಟ್ಟಿದೆ.

ಈಗ ಅನ್ನಿಸುತ್ತದೆ, ನನ್ನ ಬಾಯಿಗೇನಾಗಿತ್ತು? ಒಂದು ದಿನ ಅವಳನ್ನು ಬಯಲಿಗೆ ಕರೆದುಕೊಂಡು ಹೋಗಿ, ಕುರ್ಚಿ ಹಾಕಿ ಕೂಡಿಸಿ, 'ನೋಡು ಬೇ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ಬುದ್ಧಿ ಇದ್ದಿದ್ದರೆ ನಾನ್ಯಾಕೆ ಹೀಗಿರುತ್ತಿದ್ದೆ. ಆಣೆ ಎಂದರೆ ಆಣೆ ಎಂದು ಶೆಡ್ಡಿಗೆ ಬಂದೆ. ಶನಿವಾರ ತಮ್ಮ ಗಾಡಿ ತಂದು ಬಿಟ್ಟು ಮಲಗಲು ಹೋದ ಮೇಲೆ, ಹತ್ತು ನಂಬರಿನ ಪಾನಾ ತೆಗೆದುಕೊಂಡು ಸರಳಿನ ನಟ್ಟನ್ನು ಮೂರು ಸುತ್ತು ಸಡಿಲಿಸಿದೆ. ಕಂಪನಿಯವರು ಅದರ ಮೇಲಿಟ್ಟಿದ್ದ ಹಳದಿ ಬಣ್ಣದ ಚುಕ್ಕೆ ಒಡೆಯಿತು. ಅದೇ ಬಣ್ಣ ತಂದು ಹೊಸ ಚುಕ್ಕೆ ಇಟ್ಟೆ. ಹತ್ತು ನಿಮಿಷದ ಕೆಲಸ.

ಆಮೇಲೆ ಏನು ಮಾಡಿದೆ ಕೇಳಿ. ಉಳಿದದ್ದೆಲ್ಲ ಭಕ್ತಿಯಿಂದ ಮಾಡಿದೆ. ಒಳ್ಳೆಯ ಟೈರು ಹುಡುಕಿದೆ, ಚಕ್ರಗಳ ಕೋನ ಕೂದಲೆಳೆಯಷ್ಟೂ ತಪ್ಪದ ಹಾಗೆ ಕೂಡಿಸಿದೆ, ಸವೆದ ರಬ್ಬರ್ ಬುಷ್ ಒಂದೊಂದನ್ನೂ ಬದಲಿಸಿದೆ. ಗಾಡಿ ತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತಿತ್ತು. ತಿರುವು ಮುಗಿದು ನೇರ ಬಂದಾಗ ಮಾತ್ರ ಮೆತ್ತಗಾಗುತ್ತಿತ್ತು. ಎರಡನೆಯ ವರ್ಷ ಅವನು ನಾಲ್ಕನೆಯವನಾದ. ಮೂರನೆಯ ವರ್ಷ ಐದನೆಯವನು. ಪ್ರತಿ ಸಲವೂ ಸೋಲು ಒಂದು ಸೆಕೆಂಡಿನೊಳಗೆ.

ಒಮ್ಮೆ ಕೇಳಿದ, 'ಅಣ್ಣಾ, ಗಾಳಿ ಎಷ್ಟು ಬರತೈತಿ ಅಂತ ತೋರ್ಸೂ ಮೀಟರ್ ಒಂದು ಹಾಕೋಣೇನು? ರೇಸ್ ಕೊಟ್ಟಾಗ ಏನೋ ಒಂಚೂರು ಕಮ್ಮಿ ಅನಸತೈತಿ.'

'ರೂಲ್ಸಿನಾಗ ಇಲ್ಲ' ಎಂದೆ. ಇತ್ತು. ಮೀಟರು ಹಾಕಿಕೊಳ್ಳಬಹುದು ಎಂದು ಚೆನ್ನಾಗಿ ಬರೆದಿತ್ತು.

'ಇಲ್ಲಂದ್ರ ಬ್ಯಾಡ ಬಿಡು' ಎಂದ, ಅಷ್ಟೇ.

ಲಿಂಗಸುಗೂರಿನ ಒಂದು ಪಂದ್ಯದಲ್ಲಿ ಗಾಡಿ ತಪಾಸಣೆ ಮಾಡುವವರು ಟರ್ಬೊಗೆ ತಮ್ಮ ಮೀಟರು ಜೋಡಿಸಿ ನೋಡಿ, 'ಕಮ್ಮಿನೇ ಐತಲ್ರೀ ಇದು' ಎಂದರು. 'ಹಳೇ ಗಾಡಿರೀ' ಎಂದೆ. 'ಜಾಸ್ತಿ ಇದ್ರ ನಮಗ ತಕರಾರು, ಕಮ್ಮಿ ಇದ್ರ ನಿಮ್ಮ ನಸೀಬು' ಎಂದು ನಕ್ಕು ಸಹಿ ಹಾಕಿದರು. ಹೆಲ್ಮೆಟ್ ತರಲು ಹೋಗಿದ್ದ ತಮ್ಮ ಬಂದು 'ಏನಂದ್ರು ಅಣ್ಣಾ?' ಎಂದ. 'ಪಾಸ್' ಎಂದೆ.

ಅವನು ಗಾಡಿಯನ್ನು ಬೈದಿದ್ದರೆ, ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ತನ್ನನ್ನೇ ತಿದ್ದಿಕೊಳ್ಳತೊಡಗಿದ. ಮೈ ಹಗುರವಾಗಲೆಂದು ಸೋಮವಾರದ ಒಪ್ಪೊತ್ತನ್ನು ವಾರಕ್ಕೆ ಮೂರು ದಿನ ಮಾಡಿದ. ಅಂಗಡಿ ತೆರೆಯುವ ಮುಂಚೆ ಜಿನ್ನಿನ ಬಯಲಿಗೆ ಹೋಗಿ, ತಾನೇ ಚೀಲ ಇಟ್ಟು, ಅದೇ ತಿರುವು ನೂರು ಸಲ. ಮಸ್ಕಿಯ ಮಂದಿ ಬಾಯಿ ಸುಮ್ಮನಿರುತ್ತದೆಯೇ? 'ಅಣ್ಣ ಕಟ್ಟಿದ ಗಾಡಿ ಭಾರಿ ಐತಿ, ಹೊಡಿಯಾಂವ್ ಸರಿ ಇಲ್ಲ' ಎಂದರು. ಇವನು ಅದನ್ನು ನಗುನಗುತ್ತ ನನಗೇ ಬಂದು ಹೇಳುತ್ತಿದ್ದ. 'ಅವ್ರು ಅನ್ನೂದು ಖರೇನ ಐತಿ. ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ. ನಾ ಹಂಗ ಅನ್ನಾಂವಲ್ಲ. ಗಾಡಿ ಬಂಗಾರದಂಥಾದ್ದು ಐತಿ, ನನ್ನ ಕೈಯಾಗ ಏನೋ ಕೊರತಿ ಐತಿ ಅಣ್ಣಾ.'

ನೆಲ ಡೊಂಕಾಗಿಯೇ ಇತ್ತು. ಡೊಂಕು ಮಾಡಿದವನು ಎದುರಿಗೆ ಕೂತು ಚಾ ಕುಡಿಯುತ್ತಿದ್ದೆ.

ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ನೆನಪಾಗುತ್ತಿದ್ದಳು. ಪ್ರತಿ ಪಂದ್ಯ ಮುಗಿದ ಮೇಲೆ ಅವನು ಮನೆಗೆ ಬಂದರೆ ಅವನ ಕೈ, ಕಾಲು, ಬೆನ್ನು ಮುಟ್ಟಿ ನೋಡಿ, ನನ್ನ ಕಡೆ ತಿರುಗಿ ಒಂದು ನೋಟ ನೋಡುತ್ತಿದ್ದಳು. ಆ ನೋಟದಲ್ಲಿ ಇದ್ದದ್ದು ಬರೀ ಸಮಾಧಾನ. ನಾನು ತಲೆ ತಗ್ಗಿಸುತ್ತಿದ್ದೆ.

ಹೋದ ವರ್ಷ ಅವ್ವ ಹೋದಳು. ಮೂರು ದಿನ ಜ್ವರ, ನಾಲ್ಕನೆಯ ದಿನ ಇಲ್ಲ. ಮಣ್ಣು ಮಾಡಿ, ಶಿವಗಣಾರಾಧನೆ ಮುಗಿಸಿದೆವು. ಮರುದಿನವೇ ನಾನು ಪಾನಾ ಹಿಡಿದು ಬಾನೆಟ್ ಎತ್ತಿದೆ. ಆಣೆ ಹಾಕಿಸಿಕೊಂಡವಳು ಹೋದಳು, ಇನ್ನಾದರೂ ಇವನನ್ನು ಬಿಡುಗಡೆ ಮಾಡೋಣ ಎಂದು. ಪಾನಾ ನಟ್ಟಿಗೆ ಕೂತಿತು. ತಿರುಗಿಸಲಿಲ್ಲ. ತಿರುಗಿಸಿದರೆ ಗಾಡಿ ಎಗರಿ ಓಡುತ್ತದೆ, ಮೊದಲ ಸುತ್ತಿನಲ್ಲೇ ಇವನಿಗೆ ಗೊತ್ತಾಗುತ್ತದೆ, ಯಾಕೆ ಎಂದು ಕೇಳುತ್ತಾನೆ. ಅವ್ವನ ಗೋರಿಯ ಮಣ್ಣು ಇನ್ನೂ ಹಸಿ, ಈಗ ಅವಳ ಹೆಸರು ಹೇಳಲೇ? ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಅವ್ವನ ಹೆಸರು ಕಾಪಾಡುತ್ತಿದ್ದೆನಂತೆ! ಕಾಪಾಡಿಕೊಂಡದ್ದು ನನ್ನ ಮುಖವನ್ನು. ಇರಲಿ, ಈ ಪಂದ್ಯ ಒಂದು ಮುಗಿಯಲಿ ಎಂದು ಬಾನೆಟ್ ಮುಚ್ಚಿದೆ.

ಆ ಪಂದ್ಯ ಲಿಂಗಸುಗೂರಿನಲ್ಲಿ ಆಯಿತು. ಅವ್ವನ ಫೋಟೊ ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡು, ಹಣೆಗೆ ಅವಳದೇ ವಿಭೂತಿ ಹಚ್ಚಿಕೊಂಡು ಬಂದಿದ್ದ. ಅವತ್ತು ಅವನು ಓಡಿಸಿದ ಹಾಗೆ ಯಾರೂ ಓಡಿಸಿದ್ದನ್ನು ನಾನು ಕಂಡಿಲ್ಲ. ಚೀಲ ಮತ್ತು ಗಾಡಿಯ ನಡುವೆ ಅಂಗೈ ತೂರುವಷ್ಟು ಜಾಗ, ಆದರೂ ಒಂದನ್ನೂ ಮುಟ್ಟಲಿಲ್ಲ. ಕಣ್ಣು ಮಿಟುಕಿಸುವಷ್ಟು ಅಂತರದಲ್ಲಿ ಎರಡನೆಯವನಾದ. ಗೆದ್ದವನು ಎರಡು ಕಡೆ ಒದ್ದಾಡಿದ್ದ, ನೇರದಲ್ಲಿ ದಮ್ಮಿನಿಂದ ಗೆದ್ದ.

ಗಾಡಿ ನಿಲ್ಲಿಸಿ ಇಳಿದವನು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟ.

'ಸಾಕು ಅಣ್ಣಾ. ಇದ್ಕಿಂತ ಛಲೋ ಓಡಸಾಕ ನಂಗ ಬರಂಗಿಲ್ಲ. ಇವತ್ತು ಗೊತ್ತಾತು. ನನ್ನ ಸಲುವಾಗಿ ನೀ ಯಾಕ ಇಷ್ಟು ದುಡೀಬೇಕು. ಇದನ್ನ ಹೊಡಿಯಾಕ ಬರೂ ಕೈಗೆ ಕೊಡು.'

'ಹುಚ್ಚಾ, ಇನ್ನೊಂದು ವರ್ಷ ನೋಡೋಣ' ಎಂದೆ.

'ಬ್ಯಾಡ' ಎಂದ. ಅವನು ನನಗೆ ಬೇಡ ಎಂದದ್ದು ಅದೇ ಮೊದಲು.

ಗಾಡಿ ಕೊಂಡವನು ಗುರುಗುಂಟಾದ ಕುರಿ ವ್ಯಾಪಾರಿ. ಒಳ್ಳೆಯ ಮನುಷ್ಯ, ಆದರೆ ಪಂದ್ಯದಲ್ಲಿ ಚೀಲ ಒದೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕೊನೆಯಿಂದ ಮೊದಲನೆಯ ಸ್ಥಾನ ಅವನಿಗೇ ಮೀಸಲು. ಒಯ್ಯುವ ಮುಂಚೆ 'ಒಮ್ಮೆ ಎಲ್ಲಾ ಬರೋಬರಿ ನೋಡಿಕೊಡ್ರಿ ಯಜಮಾನ್ರ, ನಿಮ್ಮ ಮ್ಯಾಲ ಭರೋಸ ಐತಿ' ಎಂದು ಗಾಡಿ ನನ್ನ ಶೆಡ್ಡಿನಲ್ಲಿ ಬಿಟ್ಟುಹೋದ.

ಆಗ ನಾನು ಏನು ಮಾಡಿದೆನೆಂದು ಬರೆಯಲು ಕೈ ಬರುತ್ತಿಲ್ಲ. ಬಂದ ಗಿರಾಕಿಗೆ ಕುಂಟು ಗಾಡಿ ಕೊಡಬಾರದು ಎನಿಸಿತು. ಇಷ್ಟು ವರ್ಷ ಶೆಡ್ ನಡೆಸಿದ್ದೇನೆ, ಒಬ್ಬರಿಗೂ ಮೋಸ ಮಾಡಿಲ್ಲ, ಈಗ್ಯಾಕೆ ಮಾಡಲಿ? ಮೂರು ಸುತ್ತು ಬಿಗಿ ಮಾಡಿದೆ. ಹಳದಿ ಚುಕ್ಕೆ ಇಟ್ಟೆ. ರಸ್ತೆಗೆ ತಂದು ರೇಸ್ ಕೊಟ್ಟು ನೋಡಿದೆ, ಬೆನ್ನು ಸೀಟಿಗೆ ಹೋಗಿ ಬಡಿಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಅದು ನಾನೇ. ಯಾರೋ ಕುರಿ ವ್ಯಾಪಾರಿಗೆ ಮೊದಲ ದಿನವೇ ಸಲ್ಲಿಸಿದ ನ್ಯಾಯವನ್ನು ಒಡಹುಟ್ಟಿದವನಿಗೆ ಸಲ್ಲಿಸಲಾಗಲಿಲ್ಲ. ಇದರಿಂದ ಮುಂದೆ ಏನಾಗಬಹುದೆಂಬ ಯೋಚನೆ, ನನ್ನ ಹೆಣ ಎತ್ತ, ಆ ಹೊತ್ತಿಗೆ ತಲೆಗೆ ಬರಲೇ ಇಲ್ಲ.

ಮುಂದಿನ ಪಂದ್ಯ ಸಿಂಧನೂರಿನ ಗಿರಣಿಯ ಅಂಗಳದಲ್ಲಿ. ತಮ್ಮ ಮಸ್ಕಿಯಿಂದ ಬಸ್ಸಿಗೆ ಬಂದ, ನೋಡಲಿಕ್ಕೆ. ನನ್ನ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತ. ಗುರುಗುಂಟಾದವನು ಹೊರಟ. ಒಂದು ಚೀಲ ಒದ್ದ, ದಂಡ ಬಿತ್ತು. ಇನ್ನೊಂದು ತಿರುವಿನಲ್ಲಿ ಅಡ್ಡಡ್ಡ ಹೋದ. ಆದರೆ ನೇರಕ್ಕೆ ಬಂದದ್ದೇ ಗಾಡಿ ಸಿಳ್ಳೆ ಹಾಕಿಕೊಂಡು ಚಿಮ್ಮಿತು. ಆ ಸಿಳ್ಳೆಯನ್ನು ಮೂರು ವರ್ಷ ಅದರ ಗಂಟಲಲ್ಲೇ ಅದುಮಿ ಇಟ್ಟವನು ನಾನು. ದಂಡ ಕೂಡಿಸಿದರೂ ಅವನೇ ಮೊದಲು. ಅಂಗಳದ ತುಂಬ ಕೇಕೆ.

ನಾನು ತಮ್ಮನ ಮುಖ ನೋಡಲಾರದೆ ನೆಲ ನೋಡಿದೆ. ಅವನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ, ಮನಸಾರೆ. ನನ್ನ ಭುಜ ಹಿಡಿದು ಅಲ್ಲಾಡಿಸಿದ.

'ನೋಡಿದೇನು ಅಣ್ಣಾ! ಗಾಡಿ ಗೆಲ್ಲೂ ಗಾಡೀನ ಇತ್ತು. ನಾ ಹೇಳಿರಲಿಲ್ಲೇನು? ಇಂಥಾಂವನ ಕೈಯಾಗ ಸುದ್ದಾ ಗೆದ್ದತಿ, ಅಂದ್ರ ಕೊರತಿ ಎಲ್ಲಿತ್ತು ಅಂತ ಈಗ ಸಾಫ್ ಆತಲ್ಲ.'

ಅಳುತ್ತಿರಲಿಲ್ಲ. ಅದೇ ಕೊಲ್ಲುವಂತಿತ್ತು. ಲೆಕ್ಕ ಬಿಡಿಸಿದವನ ಹಾಗೆ ನಿರಾಳವಾಗಿದ್ದ.

ಅವನನ್ನು ಕೈಹಿಡಿದು ಎಳೆದುಕೊಂಡು ಬಸ್ ಸ್ಟ್ಯಾಂಡಿನ ಎದುರಿನ ಚಾದಂಗಡಿಗೆ ಹೋದೆ. ಕೂಡಿಸಿದೆ. ಹೇಳಿದೆ. ನಟ್ಟು, ಮೂರು ಸುತ್ತು, ಹಳದಿ ಚುಕ್ಕೆ, ಮೀಟರಿನ ಸುಳ್ಳು, ತಪಾಸಣೆಯ ಸುಳ್ಳು, ಅವ್ವನ ಆಣೆ, ಒಂದೂ ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ನಾನೇ ಅತ್ತೆ, ಪಕ್ಕದವರು ನೋಡುವ ಹಾಗೆ. ಅವನು ಪೂರ್ತಿ ಕೇಳಿದ. ಕೇಳಿ, ಸಣ್ಣಗೆ ನಕ್ಕು, ತನ್ನ ಟವೆಲ್ಲು ನನ್ನ ಕೈಗೆ ಕೊಟ್ಟ.

'ಅಣ್ಣಾ, ನಂಗ ಸಮಾಧಾನ ಆಗ್ಲಿ ಅಂತ ಎಷ್ಟು ದೊಡ್ಡ ಕತಿ ಕಟ್ಟಾಕತ್ತೀ ನೀ!'

'ಕತಿ ಅಲ್ಲಲೇ! ಖರೇ ಹೇಳಾಕತ್ತೀನಿ!'

'ನೀ ಯಾರು ಅಂತ ನಂಗ ಗೊತ್ತಿಲ್ಲೇನು? ಗಿರಾಕಿ ಗಾಡಿಯಾಗಿನ ಒಂದು ವಾಶರ್ ಸುದ್ದಾ ಬದ್ಲಿ ಮಾಡ್ದಾಂವಲ್ಲ ನೀ. ನನ್ನ ಗಾಡಿಗೆ ಹಂಗ ಮಾಡ್ತಿಯೇನು? ಅವ್ವ ಹಂಗ ಮಾಡಾಕ ಹೇಳಾಕಿ ಏನು?'

ನಡಿ, ತೋರಿಸುತ್ತೇನೆ ಎಂದು ಎದ್ದೆ. ಎದ್ದವನು ಹಾಗೇ ನಿಂತೆ. ಏನು ತೋರಿಸಲಿ? ನಟ್ಟು ಬಿಗಿಯಾಗಿತ್ತು. ಚುಕ್ಕೆ ಇದ್ದಲ್ಲೇ ಇತ್ತು. ನನ್ನ ಕೈಯಾರೆ ಅಷ್ಟು ಚೊಕ್ಕ ಕೆಲಸ ಮಾಡಿಟ್ಟಿದ್ದೆ. ಕೊನೆಗೆ ಅವನ ಹಣೆಯ ಕಡೆ ಕೈ ಚಾಚಿದೆ, 'ಈ ಈಬತ್ತಿ ಮುಟ್ಟಿ ಹೇಳ್ತೀನಿ' ಎಂದು. ಅವನು ತಟ್ಟನೆ ನನ್ನ ಮಣಿಕಟ್ಟು ಹಿಡಿದ.

'ಬ್ಯಾಡ ಅಣ್ಣಾ. ನನ್ನ ಸಲುವಾಗಿ ಸುಳ್ಳಿಗೆ ಈಬತ್ತಿ ಮುಟ್ಟಬ್ಯಾಡ. ಪಾಪ ಹತ್ತತೈತಿ.'

ಹಿಡಿದ ಕೈ ಎಷ್ಟು ಗಟ್ಟಿ, ಎಷ್ಟು ಹಗುರ. ಸ್ಟೇರಿಂಗ್ ಹಿಡಿಯುತ್ತಿದ್ದ ಕೈ ಅದು. ಈಗ ಆ ಕೈ ಯಾವ ಗಾಡಿಯನ್ನೂ ಹಿಡಿಯುವುದಿಲ್ಲ. ಅಂಗಡಿಯ ಸಾಮಾನಿಗೆ ಒಂದು ಬಾಡಿಗೆ ಟಂಟಂ ಆಟೊ ಗೊತ್ತು ಮಾಡಿಕೊಂಡಿದ್ದಾನೆ, ತಾನು ಬಸ್ಸಿನಲ್ಲಿ ಓಡಾಡುತ್ತಾನೆ.

ಮಸ್ಕಿಯ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತ. ನಾನು ಕೆಳಗೆ ನನ್ನ ಬೈಕಿನ ಹತ್ತಿರ, ಅವನ ಟವೆಲ್ಲು ಹಿಡಿದುಕೊಂಡು ನಿಂತಿದ್ದೆ. ಬಸ್ಸು ಅಲ್ಲಾಡಿದಾಗ ಅವನು ತಲೆ ಹೊರಗೆ ಹಾಕಿದ.

'ಅಳಕೊಂತ ಗಾಡಿ ಹೊಡೀಬ್ಯಾಡ ಅಣ್ಣಾ' ಎಂದ. 'ಸಾವಕಾಶ ಓಡ್ಸು.'